ಆಳ, ಕಾಲ ಮತ್ತು ದಾಖಲೆ: ಆಡ್ಲಿ ಎಂಡ್ ಮಹಲಿನ ಸುತ್ತಲಿನ ಭೂಭೌತ ಸಮೀಕ್ಷೆಯ ಓದು

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಆಡ್ಲಿ ಎಂಡ್ ಮಹಲು ತನ್ನ ಹಿಂದಿನ ವಿಸ್ತಾರದ ಒಂದು ಭಾಗ ಮಾತ್ರ. 1538ರಲ್ಲಿ ವಾಲ್ಡನ್ನಿನ ಬೆನೆಡಿಕ್ಟೀನ್ ಮಠ ಮುಚ್ಚಿ, ಅದರ ನೆಲ ಥಾಮಸ್ ಆಡ್ಲಿಯ ಪಾಲಾಯಿತು. 17ನೆಯ ಶತಮಾನದ ಆರಂಭದಲ್ಲಿ ಸಫೊಕ್‌ನ ಅರ್ಲ್ ಥಾಮಸ್ ಹೊವರ್ಡ್ ಅಲ್ಲಿಯೇ ಎರಡು ಅಂಗಳಗಳ ಸೌಧ ಕಟ್ಟಿಸಿದ. ಮುಂದಿನ ಶತಮಾನದಲ್ಲಿ ಹೊರ ಅಂಗಳದ ಕಟ್ಟಡಗಳನ್ನು ಕೆಡವಲಾಯಿತು. 1763ರಲ್ಲಿ ಉದ್ಯಾನ ವಿನ್ಯಾಸಕ ಕೇಪಬಿಲಿಟಿ ಬ್ರೌನ್ ಸುತ್ತಲಿನ ನೆಲವನ್ನೇ ತಿದ್ದತೊಡಗಿದ. ಹೀಗೆ ಮಠ, ಸೌಧ, ಉದ್ಯಾನ ಮೂರರ ಕುರುಹುಗಳೂ ಒಂದೇ ಹುಲ್ಲುಹಾಸಿನಡಿ ಸೇರಿಕೊಂಡಿವೆ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 2009 ಮತ್ತು 2010ರಲ್ಲಿ ಇಲ್ಲಿ ಭೂಭೌತ ಸಮೀಕ್ಷೆ ನಡೆಸಿತು. ಇಂಥ ತಾಣದ ದತ್ತಾಂಶವನ್ನು ಯಾವ ಕ್ರಮದಲ್ಲಿ ಓದಬೇಕೆಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಅಗೆಯದೆ ನೆಲವನ್ನು ಅರಿಯುವ ವಿಧಾನಗಳಲ್ಲಿ ಮೂರು ಮುಖ್ಯ. ವಿದ್ಯುತ್ ರೋಧ ಮಾಪನವನ್ನು ಪುರಾತತ್ತ್ವಜ್ಞ ರಿಚರ್ಡ್ ಅಟ್ಕಿನ್ಸನ್ 1946ರಲ್ಲಿ ಥೇಮ್ಸ್ ತೀರದ ಡಾರ್ಚೆಸ್ಟರ್‌ನಲ್ಲಿ ಬಳಸಿದರು. ಹೂತ ಗೋಡೆಯಲ್ಲಿ ತೇವ ಕಡಿಮೆ, ಆದ್ದರಿಂದ ರೋಧ ಹೆಚ್ಚು; ಮಣ್ಣು ತುಂಬಿದ ಕಂದಕದಲ್ಲಿ ಇದು ತಿರುವುಮುರುವು. ಕಾಂತಮಾಪನ ಸುಟ್ಟ ಇಟ್ಟಿಗೆಯನ್ನು, ಒಲೆಯನ್ನು ಚೆನ್ನಾಗಿ ಗುರುತಿಸುತ್ತದೆ. ಆದರೆ ಮಹಲಿನ ಬಳಿಯ ಕಬ್ಬಿಣದ ಕೊಳವೆ, ಬೇಲಿಗಳು ಸೂಕ್ಷ್ಮ ಕಾಂತೀಯ ವ್ಯತ್ಯಾಸಗಳನ್ನು ನುಂಗಿಬಿಡುತ್ತವೆ. ಭೂಭೇದಕ ರೇಡಾರ್ ಆಳವನ್ನೂ ಹೇಳಬಲ್ಲದು. ಮಣ್ಣಿನಲ್ಲಿ ತರಂಗದ ವೇಗ ನ್ಯಾನೊಸೆಕೆಂಡಿಗೆ 0.1 ಮೀಟರ್ ಎಂದಿಟ್ಟುಕೊಂಡರೆ, 20 ನ್ಯಾನೊಸೆಕೆಂಡಿನಲ್ಲಿ ಹೋಗಿಬಂದ ತರಂಗ 1 ಮೀಟರ್ ಆಳವನ್ನು ಮುಟ್ಟಿಬಂದಿದೆ.

ಆದರೆ ಆಳದಿಂದಲೇ ಕಾಲ ನಿರ್ಧಾರವಾಗದು. ಉದ್ಯಾನಕ್ಕೆಂದು ಒಂದೆಡೆ ಮಣ್ಣು ತೆಗೆದು ಇನ್ನೊಂದೆಡೆ ಸುರಿದಲ್ಲಿ, ಮಠದ ಗೋಡೆ ಮೇಲ್ಪದರದಲ್ಲೂ ಅದಕ್ಕಿಂತ ಈಚಿನ ಚರಂಡಿ ಆಳದಲ್ಲೂ ಸಿಗಬಹುದು. ಆಗ ದಾಖಲೆಯ ನೆರವು ಬೇಕು. ಹೆನ್ರಿ ವಿನ್‌ಸ್ಟನ್ಲಿ 17ನೆಯ ಶತಮಾನದ ಉತ್ತರಾರ್ಧದಲ್ಲಿ ಮಾಡಿದ ಅಚ್ಚುಚಿತ್ರಗಳು ಸೌಧದ ಪೂರ್ಣ ವೈಭವವನ್ನು ತೋರಿಸುತ್ತವೆ. ಅವನ್ನು ಮೊದಲೇ ಮನಸ್ಸಿನಲ್ಲಿ ತುಂಬಿಕೊಂಡವರಿಗೆ ರೇಡಾರಿನ ಮಸುಕು ಗೆರೆಯೆಲ್ಲ ಸೌಧದ ಗೋಡೆಯಾಗಿಯೇ ಕಾಣುವ ಅಪಾಯವಿದೆ.

ಆದ್ದರಿಂದ ಗೆರೆಗಳನ್ನು ಮೊದಲು ದತ್ತಾಂಶದಿಂದಲೇ ಎಳೆದು, ಪ್ರತಿಯೊಂದರ ಖಚಿತತೆಯನ್ನು ದಾಖಲಿಸಬೇಕು; ಚಿತ್ರಗಳನ್ನು ಆಮೇಲೆ ಹೊಂದಿಸಿ ನೋಡಬೇಕು. ಎರಡೂ ಒಪ್ಪದ ಕಡೆಯಲ್ಲಿಯೇ ಸಣ್ಣ ಉತ್ಖನನ ನಡೆಯಬೇಕು. ಅಚ್ಚುಚಿತ್ರ ಒಡೆಯನ ಹಿರಿಮೆಗಾಗಿ ಮೂಡಿದ್ದು. ಸನ್ಯಾಸಿಗಳ ಕಟ್ಟಡ, ಆಳುಕಾಳುಗಳ ಓಡಾಟದ ಜಾಗ, ನೀರಿನ ಕಾಲುವೆಗಳಿಗೆ ಅದರಲ್ಲಿ ಸಲ್ಲುವ ಸ್ಥಾನ ಅಲ್ಪ. ಅವುಗಳ ಚರಿತ್ರೆಗೆ ನೆಲವೇ ಮುಖ್ಯ ಆಧಾರ; ಅದನ್ನು ಸ್ವತಂತ್ರ ಸಾಕ್ಷಿಯಾಗಿ ಪರಿಗಣಿಸುವುದು ಸಂಶೋಧಕರ ಹೊಣೆ.