ಯಾರಿಗೂ ಬೇಡದ ತರಂಗಗಳು: ಒಂದು ಹಳೇ ಡಿಶ್‌ನ ಇತಿಹಾಸ

ಭಾಗ 1/6

ಮೊದಲ ಫೋಟೋ ನೋಡಿ. ದೇವನಹಳ್ಳಿಯ ಒಂದು ತಾರಸಿ, ತುಕ್ಕು ಹಿಡಿದ ಡಿಟಿಎಚ್ ಡಿಶ್, ಪಕ್ಕದಲ್ಲಿ ಒಣಗೋಕೆ ಹಾಕಿದ ಬಟ್ಟೆ. ನಿಮ್ಮ ಬೀದೀಲೂ ಇಂಥವು ಇರ್ತವೆ. ಎಲ್ಲರೂ ಮೊಬೈಲಲ್ಲೇ ನೋಡೋಕೆ ಶುರು ಮಾಡಿದ ಮೇಲೆ ಇವುಗಳನ್ನ ಯಾರೂ ತಿರುಗಿ ನೋಡಲ್ಲ. ಆದರೆ ಆ ಡಿಶ್ ಮುಂದೆ ಕೂತಿರೋ ಪುಟ್ಟ ಡಬ್ಬಿಯಲ್ಲಿ ಸುಮಾರು 130 ವರ್ಷದ ಇತಿಹಾಸ ಇದೆ.

ಇದು ಮೈಕ್ರೋವೇವ್ ಹ್ಯಾಮ್ ರೇಡಿಯೋ ಕಥೆ. ಹ್ಯಾಮ್ ಅಂದ್ರೆ ಲಾಭಕ್ಕಲ್ಲ, ಹವ್ಯಾಸಕ್ಕೆ ಪರೀಕ್ಷೆ ಬರೆದು, ಪರವಾನಗಿ ಪಡೆದು ರೇಡಿಯೋದಲ್ಲಿ ಮಾತಾಡೋರು. ಮೈಕ್ರೋವೇವ್ ಅಂದ್ರೆ ಸುಮಾರು 1 ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗ. 10 ಗಿಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಬರೀ 3 ಸೆಂಟಿಮೀಟರ್, ನಿಮ್ಮ ಹೆಬ್ಬೆರಳಿಗಿಂತ ಚಿಕ್ಕದು.

ಭಾಗ 2/6

ಕಥೆ ಶುರುವಾಗೋದು ಕೊಲ್ಕತ್ತದಲ್ಲಿ. 1895ರ ಹೊತ್ತಿಗೆ ಜಗದೀಶ್ ಚಂದ್ರ ಬೋಸ್ ಮಿಲಿಮೀಟರ್ ಅಳತೆಯ ತರಂಗಗಳನ್ನ ಹುಟ್ಟಿಸಿ, ಗೋಡೆ ದಾಟಿಸಿ, ಆಚೆ ಕಡೆ ಗಂಟೆ ಬಾರಿಸಿದರು. ಅವರು ಬಳಸಿದ್ದು 5 ಮಿಲಿಮೀಟರ್‌ವರೆಗಿನ ಅಲೆ, ಅಂದ್ರೆ 60 ಗಿಗಾಹರ್ಟ್ಸ್. ಅಲೆಗಳನ್ನ ಹಿಡಿಯೋಕೆ ಲೋಹದ ಆಲಿಕೆ ಮಾಡಿಕೊಂಡಿದ್ದರು. ನಮ್ಮ ಡಿಶ್‌ನ ಡಬ್ಬಿಗೂ (ಅದರ ಹೆಸರು ಎಲ್‌ಎನ್‌ಬಿ) ಅಂಥದ್ದೇ ಆಲಿಕೆಯ ಬಾಯಿ ಇದೆ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ತರಂಗ ಅಡ್ಡಡ್ಡ ಅಲುಗುತ್ತಿದೆಯೋ, ಉದ್ದುದ್ದ ಅಲುಗುತ್ತಿದೆಯೋ ಅಂತ ತಿಳಿಯೋಕೆ ಬೋಸ್ ಒಂದು ರೈಲ್ವೆ ವೇಳಾಪಟ್ಟಿ ಪುಸ್ತಕ ತಗೊಂಡು, ಹಾಳೆಗಳ ಮಧ್ಯೆ ತವರದ ತೆಳು ಹಾಳೆ ಇಟ್ಟರು. ಪುಸ್ತಕ ಒಂದು ಕಡೆ ಹಿಡಿದರೆ ಅಲೆ ದಾಟುತ್ತೆ, ತಿರುಗಿಸಿದರೆ ನಿಲ್ಲುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆದರೆ ಜಗತ್ತು ಉದ್ದನೆಯ ಅಲೆಗಳ ಹಿಂದೆ ಹೋಯ್ತು. ಹಡಗಿಗೆ ಸುದ್ದಿ ಕಳಿಸೋಕೆ ಅದೇ ಸಾಕಿತ್ತು. ಬೋಸರ ಪುಟ್ಟ ಅಲೆಗಳು ರಾಡಾರ್ ಬರೋವರೆಗೂ ಮೂಲೆಗೆ ಬಿದ್ದವು.

ಭಾಗ 3/6

1912ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು: ಹವ್ಯಾಸಿಗಳು 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ಅಲೆಗಳನ್ನಷ್ಟೇ ಬಳಸಬೇಕು. ಕಾರಣ? ಅವು ದೂರ ಹೋಗಲ್ಲ, ಕೆಲಸಕ್ಕೆ ಬರಲ್ಲ ಅಂತ ಆಗ ಎಲ್ಲರೂ ಅಂದುಕೊಂಡಿದ್ದರು. ಬರಡು ಜಮೀನು ಕೊಟ್ಟು 'ಉತ್ಕೊಳ್ಳಿ' ಅಂದ ಹಾಗೆ.

ಹ್ಯಾಮ್‌ಗಳು ಉತ್ತರು. 1923ರ ನವೆಂಬರ್‌ನಲ್ಲಿ ಸುಮಾರು 110 ಮೀಟರ್ ಅಲೆಯಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹವ್ಯಾಸಿಗಳು ಅಟ್ಲಾಂಟಿಕ್ ದಾಟಿ ಮಾತಾಡಿದರು. ಮರುಕ್ಷಣದಿಂದ ಬರಡು ಜಮೀನಿಗೆ ಬೆಲೆ ಬಂತು. ಪ್ರಸಾರ ಕೇಂದ್ರಗಳು, ಸರ್ಕಾರಗಳು, ಕಂಪನಿಗಳು ಎಲ್ಲ ಬಂದವು. ಹ್ಯಾಮ್‌ಗಳ ಪಾಲಿಗೆ ಉಳಿದದ್ದು ತುಂಡು ತುಂಡು ಜಾಗ. ಅವರು ಇನ್ನೂ ಚಿಕ್ಕ ಅಲೆಗಳ ಕಡೆ ನಡೆದರು, ಕೊನೆಗೆ ಮೈಕ್ರೋವೇವ್‌ವರೆಗೂ.

ಇಲ್ಲಿ ಆಟದ ನಿಯಮ ಬೇರೆ. ಈ ಅಲೆಗಳು ಬಹುಮಟ್ಟಿಗೆ ನೇರ ಹೋಗ್ತವೆ, ಅದಕ್ಕೇ ಮೈಕ್ರೋವೇವ್ ಹ್ಯಾಮ್‌ಗಳು ಬೆಟ್ಟ ಹತ್ತುತ್ತಾರೆ. ನಮ್ಮ ನಂದಿ ಬೆಟ್ಟ 1478 ಮೀಟರ್, ನಮ್ಮೂರಿನ ನೆಲಕ್ಕಿಂತ ಸುಮಾರು 600 ಮೀಟರ್ ಎತ್ತರ. ಲೆಕ್ಕ ಹಾಕಿದರೆ ಅಲ್ಲಿಂದ ರೇಡಿಯೋ ದಿಗಂತ ಹತ್ತಿರ ಹತ್ತಿರ 100 ಕಿಲೋಮೀಟರ್.

ಭಾಗ 4/6

ಬೆಂಗಳೂರಿನಲ್ಲಿ ಈ ಅಲೆಗಳಿಗೆ ದಾರಿ ಹಾಕಿದವರಲ್ಲಿ ಒಬ್ಬರು ಕನ್ನಡದ ಹೆಣ್ಣುಮಗಳು ಅಂತ ಗೊತ್ತಿತ್ತಾ? ರಾಜೇಶ್ವರಿ ಚಟರ್ಜಿ, 1922ರಲ್ಲಿ ಹುಟ್ಟಿದವರು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್‌ಗೆ ಹೋಗಿ, 1953ರಲ್ಲಿ ಡಾಕ್ಟರೇಟ್ ಪಡೆದು ವಾಪಸ್ ಬಂದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಜೊತೆ ಸೇರಿ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು, ಆಂಟೆನಾಗಳ ಬಗ್ಗೆ ಪುಸ್ತಕ ಬರೆದರು, 1982ರಲ್ಲಿ ನಿವೃತ್ತರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನ ಕರೀತಾರೆ.

ಅವರನ್ನ ಹ್ಯಾಮ್ ಅಂತ ನಾನು ಹೇಳ್ತಿಲ್ಲ. ಆದರೆ 'ಇದು ಎಲ್ಲೋ ಹೊರದೇಶದ ವಿದ್ಯೆ' ಅಂತ ಯಾರಾದರೂ ಹೇಳಿದರೆ ಅವರ ಹೆಸರು ಹೇಳಿ.

ಭಾಗ 5/6

2005ರ ಮೇ 5. ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ6 ಹಾರಿತು. ಅದರಲ್ಲಿ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಇತ್ತು, ಹವ್ಯಾಸಿಗಳಿಗೆ ಅಂತಲೇ ಇಸ್ರೋ ಮಾಡಿದ ಉಪಗ್ರಹ. ಹ್ಯಾಮ್‌ಗಳ ಪಟ್ಟಿಯಲ್ಲಿ ಅದರ ಸಂಖ್ಯೆ 52. 2014ರ ಜುಲೈವರೆಗೆ ಕೆಲಸ ಮಾಡಿತು. ಅದು ಮೈಕ್ರೋವೇವ್ ಅಲ್ಲ, 145 ಮತ್ತು 435 ಮೆಗಾಹರ್ಟ್ಸ್.

ಅದೇ ಪಟ್ಟಿಯ 100ನೇದು ಮೈಕ್ರೋವೇವ್. 2018ರ ನವೆಂಬರ್‌ನಲ್ಲಿ ಹಾರಿದ ಕತಾರ್ ದೇಶದ ಟಿವಿ ಉಪಗ್ರಹ ಎಸ್‌ಹೈಲ್-2ರ ಮೇಲೆ ಹ್ಯಾಮ್‌ಗಳಿಗೂ ಒಂದು ಮೂಲೆ ಕೊಟ್ಟರು. ಹೆಸರು ಕ್ಯೂಓ-100. ಭೂಸ್ಥಿರ ಕಕ್ಷೆಯಲ್ಲಿ ಹ್ಯಾಮ್ ಸಾಧನ ಕೂತಿದ್ದು ಅದೇ ಮೊದಲು. 2.4 ಗಿಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡು, 10.489 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ವಾಪಸ್ ಹೇಳುತ್ತೆ. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗೆ ಕೇಳುತ್ತೆ.

ದೇವನಹಳ್ಳಿಯಿಂದ ಅದು ಎಲ್ಲಿದೆ? ದೊಡ್ಡಬಳ್ಳಾಪುರದ ಕಡೆ ಮುಖ ಮಾಡಿ, ಸ್ವಲ್ಪ ಎಡಕ್ಕೆ ತಿರುಗಿ, ನೆಲದಿಂದ ಸುಮಾರು 29 ಡಿಗ್ರಿ ಮೇಲೆ. ಹಳೇ ಡಿಶ್ ಅಲ್ಲಿಗೆ ತಿರುಗಿಸಿ. ಎಲ್‌ಎನ್‌ಬಿ 9750 ಮೆಗಾಹರ್ಟ್ಸ್ ಕಳೆಯುತ್ತೆ, 10489.75ರಲ್ಲಿ ಕಳೆದರೆ 739.75. ಕಂಪ್ಯೂಟರ್‌ಗೆ ಚುಚ್ಚೋ ಸಣ್ಣ ಎಸ್‌ಡಿಆರ್ ರಿಸೀವರ್‌ಗೆ ಇಷ್ಟು ಸುಲಭ. ಎಚ್ಚರ: ಎಲ್‌ಎನ್‌ಬಿಗೆ ಹೋಗೋ 13 ವೋಲ್ಟ್ ರಿಸೀವರ್‌ಗೆ ತಾಗಬಾರದು. ಮಧ್ಯೆ ಅದನ್ನ ತಡೆಯೋ ಬಯಾಸ್-ಟೀ ಹಾಕಿ.

ನಾವು ಮೊದಲ ಎರಡು ಸಂಜೆ ಕಾದರೂ ಬರೀ ಸುಯ್ ಸುಯ್ ಸದ್ದು. ತಪ್ಪು ಸಿಕ್ಕಿದ್ದು ಬೋಸರ ಪುಸ್ತಕದಲ್ಲಿ! ಆ ಉಪಗ್ರಹ ನಮಗೆ ತುಂಬಾ ಪಶ್ಚಿಮದಲ್ಲಿದೆ, ಹಾಗಾಗಿ ಅಲ್ಲಿಂದ ಉದ್ದುದ್ದ ಹೊರಟ ಅಲೆ ಇಲ್ಲಿಗೆ 70 ಡಿಗ್ರಿಗಿಂತ ಹೆಚ್ಚು ವಾಲಿಕೊಂಡು ಬರುತ್ತೆ. ಎಲ್‌ಎನ್‌ಬಿಯನ್ನ ಅಷ್ಟು ತಿರುಗಿಸಿದ್ವಿ, ಪರದೆ ಮೇಲೆ ಗೆರೆಗಳು ಮೂಡಿದವು. ಯಾರೋ ಮಾತಾಡ್ತಿದ್ದರು.

ಭಾಗ 6/6

ಈಗ ಕಹಿ ಭಾಗ. ಭಾರತದ ಹ್ಯಾಮ್‌ಗಳ ಪಟ್ಟಿಯಲ್ಲಿ 3300ರಿಂದ 3400 ಮೆಗಾಹರ್ಟ್ಸ್ ಇತ್ತು. 2022ರ ಹರಾಜಿನಲ್ಲಿ 3300ರಿಂದ 3670ರವರೆಗಿನ ತರಂಗಗಳು 5ಜಿಗೆ ಹೋದವು. ನೀವು ಈ ಪೋಸ್ಟ್ ನೋಡ್ತಿರೋದೂ ಅದರ ಮೇಲೇ ಇರಬಹುದು. 5ಜಿ ಬೇಡ ಅಂತ ನಾನು ಹೇಳಲ್ಲ, ನನಗೂ ಬೇಕು. ಆದರೆ 1912ರ ಕಥೆಯೇ ಮತ್ತೆ ನಡೀತಿದೆ ಅಲ್ವಾ? ಬರಡು ಅಂತ ಕೊಟ್ಟಿದ್ದು, ಬೆಲೆ ಬಂದ ಮೇಲೆ ವಾಪಸ್. ಆಗ 'ಇಲ್ಲಿ ನಾವಿದ್ದೀವಿ' ಅಂತ ಹೇಳೋಕೆ ಬಳಸೋ ಜನ ಇರಬೇಕು. ಖಾಲಿ ಬಿದ್ದ ಜಮೀನಿನ ಪರ ಯಾರೂ ವಾದ ಮಾಡಲ್ಲ.

ಪ್ರಸಾರ ಮಾಡೋಕೆ ಪರವಾನಗಿ ಬೇಕೇ ಬೇಕು, ಅದರಲ್ಲಿ ಬರೆದಿರೋ ತರಂಗಗಳಲ್ಲಿ ಮಾತ್ರ. 12 ವರ್ಷ ತುಂಬಿದವರು ಪರೀಕ್ಷೆ ಬರೀಬಹುದು. ಅಲ್ಲಿವರೆಗೆ ಕೇಳೋದರಿಂದ ಶುರು ಮಾಡಿ. ಗುಜರಿಯವನಿಗೆ ಡಿಶ್ ಹಾಕೋ ಮುಂಚೆ ನನಗೊಂದು ಮೆಸೇಜ್ ಹಾಕಿ.

#ದೇವನಹಳ್ಳಿ #ಹ್ಯಾಮ್‌ರೇಡಿಯೋ #ಮೈಕ್ರೋವೇವ್ #ಕನ್ನಡದಲ್ಲಿವಿಜ್ಞಾನ