ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳು

'ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು' ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಆಡುತ್ತೇವೆ. ನಗು ನಿಂತ ಮೇಲೆ ಯೋಚಿಸಿದರೆ, ಮನಸ್ಸು ಕೆಟ್ಟವರನ್ನು ಸಂಸಾರವೇ ಸರಿಮಾಡುತ್ತದೆ ಎಂಬ ಹಳೆಯ ನಂಬಿಕೆ ಅದರೊಳಗೆ ಕೂತಿರುವುದು ಕಾಣುತ್ತದೆ. ಕಾಯಿಲೆ ಮುಚ್ಚಿಟ್ಟು ಮಾಡಿದ ಮದುವೆಗಳಲ್ಲಿ ಈ ನಂಬಿಕೆಗೆ ಬೆಲೆ ತೆತ್ತ ಹೆಣ್ಣುಮಕ್ಕಳು ಎಷ್ಟೋ! ಆದರೂ ಅದರಲ್ಲಿ ಸತ್ಯದ ಒಂದು ಎಳೆ ಇದೆ. ಮದುವೆ ಮದ್ದಲ್ಲ, ನಿಜ. ಆದರೆ ಮನೆಯವರ ಆಸರೆ ಮದ್ದಿನಷ್ಟೇ ಮುಖ್ಯ. ಇದನ್ನು ವೈದ್ಯರು ಕಂಡುಕೊಂಡ ಕಥೆಯ ಬಹುಭಾಗ ನಮ್ಮ ದೇಶದಲ್ಲೇ ನಡೆಯಿತು.

ಬ್ರಿಟಿಷರು ಕಟ್ಟಿದ ಹುಚ್ಚಾಸ್ಪತ್ರೆಗಳಿಗೆ ಎತ್ತರದ ಗೋಡೆಗಳಿದ್ದವು. ರೋಗಿ ಒಳಗೆ, ಮನೆಯವರು ಗೇಟಿನ ಹೊರಗೆ. 1912ರ ಕಾನೂನಿನಲ್ಲಿ ರೋಗಿಯ ಆರೈಕೆಗಿಂತ ಊರಿನ ರಕ್ಷಣೆಯ ಚಿಂತೆಯೇ ಹೆಚ್ಚು. 1987ರಲ್ಲಿ ಹೊಸ ಕಾನೂನಾದರೂ ಅದು ಜಾರಿಗೆ ಬಂದದ್ದು 1993ರಲ್ಲಿ. ಅಲ್ಲಿಯವರೆಗೂ ಹಳೆಯದೇ ನಡೆಯಿತು.

ಆ ಗೋಡೆಗೆ ಮೊದಲು ಕಿಂಡಿ ಕೊರೆದವರಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಒಬ್ಬರು. ದೇಶ ಒಡೆದ ಮೇಲೆ, 1950ರಲ್ಲಿ, ಲಾಹೋರಿನ ಆಸ್ಪತ್ರೆಯಲ್ಲಿದ್ದ ಹಿಂದೂ, ಸಿಖ್ ರೋಗಿಗಳನ್ನು ಅಮೃತಸರಕ್ಕೆ ಸಾಗಿಸಲಾಯಿತು. ಮನೆಯೂ ಊರೂ ಗಡಿಯಾಚೆ ಉಳಿದು, ತಮ್ಮವರು ಎಲ್ಲಿ ಚದುರಿಹೋದರೆಂದೇ ತಿಳಿಯದವರು ಅವರಲ್ಲಿದ್ದರು. ಆಸ್ಪತ್ರೆಯಲ್ಲಿ ಜಾಗ ಸಾಲದು, ನೋಡಿಕೊಳ್ಳುವ ಕೈಗಳೂ ಸಾಲವು. ಆ ದಶಕದಲ್ಲಿ ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಬಂದು ಇರಬೇಕೆಂದರು. ಮನೆಯವರನ್ನು ಕೂರಿಸಿಕೊಂಡು ಕಾಯಿಲೆಯೆಂದರೇನು, ಹೇಗೆ ನಡೆದುಕೊಳ್ಳಬೇಕು ಎಂದು ತಿಳಿಹೇಳಿದರು. ಕಣ್ಣೆದುರೇ ರೋಗಿ ಚೇತರಿಸಿಕೊಳ್ಳುವುದನ್ನು ಕಂಡವರ ಭಯ ಕಡಿಮೆಯಾಯಿತು. ಭಯ ಹೋದ ಮನೆಯ ಬಾಗಿಲು ರೋಗಿಗೆ ಮತ್ತೆ ತೆರೆಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಮುಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಇದೇ ದಾರಿ ಬೇರೂರಿತು.

ಹಾಗಾದರೆ ಮನೆ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆಯೇ? ಇಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಂಡು ಮನೆಗೆ ಮರಳಿದವರನ್ನು ಗಮನಿಸುತ್ತಿದ್ದರು. ಸದಾ ಟೀಕಿಸುವ, ಸಿಡುಕುವ, ಅಥವಾ ಉಸಿರಾಡಲೂ ಬಿಡದಷ್ಟು ಅಂಟಿಕೊಂಡು ಕಾಯುವ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆ ಎಂದು ಅವರಿಗೆ ಕಂಡಿತು. ಮುಂದೆ 1980ರ ದಶಕದಲ್ಲಿ ಚಂಡೀಗಢದಲ್ಲಿ ಇದನ್ನೇ ಪರೀಕ್ಷಿಸಿದಾಗ, ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಸಿಕ್ಕವು. ಕಡಿಮೆ ಎಂದರೆ ಇಲ್ಲವೆಂದಲ್ಲ.

ಆ ಎರಡೂ ಬಗೆಯನ್ನು ನಾನು ಒಂದೇ ಸೂರಿನ ಕೆಳಗೆ ಕಂಡಿದ್ದೇನೆ. ನನ್ನ ಸೋದರತ್ತೆಗೆ ಮದುವೆಯಾದ ನಾಲ್ಕನೇ ವರ್ಷಕ್ಕೆ ಕಾಯಿಲೆ ಕಾಣಿಸಿಕೊಂಡಿತು. ಗಂಡನ ಮನೆಯವರು ತಿಪಟೂರಿನ ನಮ್ಮ ಮನೆಯ ಜಗಲಿಯ ಮೇಲೆ ಅವರನ್ನೂ ಅವರ ಟ್ರಂಕನ್ನೂ ಇಳಿಸಿ ಹೋದರು. ಅಜ್ಜ ದಿನಕ್ಕೆ ಹತ್ತು ಸಲ 'ಎಲ್ಲಾ ನಮ್ಮ ಹಣೆಬರಹ' ಎಂದು ಅತ್ತೆಗೆ ಕೇಳುವಂತೆಯೇ ಹೇಳುತ್ತಿದ್ದರು. ಅಮ್ಮ ಮಾತ್ರ ಬೆಳಗಿನ ಕಾಫಿಯ ಜೊತೆ ಮಾತ್ರೆ ಕೊಟ್ಟು, ಒಂದು ಬುಟ್ಟಿ ಕನಕಾಂಬರ ಮುಂದಿಡುತ್ತಿದ್ದರು. ಹೂ ಕಟ್ಟುವುದು ಅತ್ತೆಯ ಕೆಲಸ. ಕಟ್ಟು ಸಡಿಲವಾಗಿ ಹೂ ಉದುರತೊಡಗಿದರೆ ಅತ್ತೆ ಎರಡು ಮೂರು ರಾತ್ರಿ ನಿದ್ದೆ ಮಾಡಿಲ್ಲವೆಂದು ಅಮ್ಮನಿಗೆ ಗೊತ್ತಾಗುತ್ತಿತ್ತು. ಕಾಯಿಲೆ ಏರುವ ಮೊದಲೇ ಡಾಕ್ಟರ ಬಳಿಗೆ ಕರೆದೊಯ್ಯುತ್ತಿದ್ದರು. ಅತ್ತೆ ಪೂರ್ತಿ ಗುಣವಾಗಲಿಲ್ಲ. ಆದರೆ ಹಾಲಿನ ಲೆಕ್ಕ ಬರೆಯುವಷ್ಟು, ನಮಗೆಲ್ಲ ಜಡೆ ಹೆಣೆಯುವಷ್ಟು ಚೇತರಿಸಿಕೊಂಡರು. ಮನೆಗೆ ಬಂದವರೆಲ್ಲ 'ಅವಳು ಹೇಗಿದ್ದಾಳೆ?' ಎಂದು ವಿಚಾರಿಸುತ್ತಿದ್ದರು. ಇಪ್ಪತ್ತು ವರ್ಷ ತವರಿಗೆ ಹೋಗಿ ಒಂದು ವಾರ ನೆಮ್ಮದಿಯಾಗಿ ಉಳಿಯಲಾಗದ ಅಮ್ಮನನ್ನು 'ನೀನು ಹೇಗಿದ್ದೀಯಮ್ಮ?' ಎಂದು ಯಾರೂ ಕೇಳಲಿಲ್ಲ.

ಕುಟುಂಬ ನೋಡಿಕೊಳ್ಳುತ್ತದೆ ಎಂದು ನಾವು ಹೇಳುವಾಗ, ಬಹಳ ಮನೆಗಳಲ್ಲಿ ಆ ಕುಟುಂಬವೆಂದರೆ ಒಬ್ಬ ಹೆಂಗಸು. ಅವಳ ಹೊರೆಯನ್ನೂ ಅಳೆಯಬೇಕೆಂದು ಹೊರಟವರು ಬೆಂಗಳೂರಿನ ಶೈಲಾ ಪೈ ಮತ್ತು ಆರ್. ಎಲ್. ಕಪೂರ್. ಖರ್ಚು, ಕೆಡುವ ದಿನಚರಿ, ಮನೆಮಂದಿಯ ಆರೋಗ್ಯ, ಇವನ್ನೆಲ್ಲ ಕೇಳಿ ತಿಳಿಯುವ ಪ್ರಶ್ನಾವಳಿಯನ್ನು ಅವರು 1981ರಲ್ಲಿ ಪ್ರಕಟಿಸಿದರು. ಬಳಿಕ 27 ರೋಗಿಗಳನ್ನು ಆಸ್ಪತ್ರೆಗೆ ಸೇರಿಸದೆ ಮನೆಯಲ್ಲೇ ಇರಿಸಿ, ನರ್ಸ್ ಆಗಾಗ ಭೇಟಿ ಕೊಡುವ ಏರ್ಪಾಡು ಮಾಡಿದರು. ಆಸ್ಪತ್ರೆಗೆ ಸೇರಿದ ಅಷ್ಟೇ ಮಂದಿಯೊಂದಿಗೆ ಹೋಲಿಸಿದಾಗ, ಮನೆಯಲ್ಲಿದ್ದವರ ಚೇತರಿಕೆಯೇ ಮೇಲಾಗಿತ್ತು. ಮನೆಯವರ ಹೊರೆಯೂ ಇಳಿದಿತ್ತು. ಅಮ್ಮನಿಗೆ ಅಂಥ ಒಬ್ಬ ನರ್ಸ್ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೊರೆ ಹಂಚಿಕೊಳ್ಳುವವರಿಲ್ಲದ ಮನೆ ಒಂದು ದಿನ ಕೈಬಿಡುತ್ತದೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಜನ ಬೆಂಕಿಯಲ್ಲಿ ಸತ್ತರಲ್ಲ, ಗುಣವಾಗಲೆಂದು ಮನೆಯವರೇ ಬಿಟ್ಟುಹೋದವರು ಅವರಲ್ಲಿದ್ದರು. ಗುಣವಾದ ಮೇಲೂ ಕರೆದೊಯ್ಯಲು ಯಾರೂ ಬಾರದೆ ಆಸ್ಪತ್ರೆಯಲ್ಲೇ ಮುದುಕಿಯರಾದ ಹೆಂಗಸರಿದ್ದಾರೆ. ಮನೆಯವರು ಸೇರಿಸಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾನೂನು ಹೇಳುತ್ತದೆ. ಒಳ್ಳೆಯ ಮಾತು. ಆದರೆ ಅವಳು ಹೋಗುವುದೆಲ್ಲಿಗೆ? ಅದಕ್ಕೆ ತಕ್ಕ ವಸತಿ, ದಾದಿ, ನೆರವು ಎಲ್ಲ ಊರುಗಳಲ್ಲೂ ಆಗಬೇಕು.

ವಿದ್ಯಾಸಾಗರರ ಡೇರೆಗಳಿಂದ ನಾವು ಕಲಿಯಬೇಕಾದದ್ದು ರೋಗಿಯನ್ನು ಮನೆಯವರ ತಲೆಗೆ ಕಟ್ಟಬೇಕೆಂದಲ್ಲ. ಅಲ್ಲಿ ಮನೆಯವರ ಪಕ್ಕದಲ್ಲಿ ಒಬ್ಬ ವೈದ್ಯರು ಕೂತಿದ್ದರು. ನಿಮ್ಮ ಬೀದಿಯಲ್ಲೂ ಅಂಥ ಮನೆಯೊಂದು ಇದ್ದೀತು. ರೋಗಿಯ ಕ್ಷೇಮ ವಿಚಾರಿಸಿ. ಬಾಗಿಲು ತೆರೆದವಳನ್ನೂ ವಿಚಾರಿಸಿ. ಒಂದು ಮಧ್ಯಾಹ್ನ ಅವಳ ಬದಲು ನೀವು ಅಲ್ಲಿ ಕೂತರೆ, ಅದೂ ಚಿಕಿತ್ಸೆಯ ಒಂದು ಭಾಗವೇ.