ಗೋಬರ್ ಗ್ಯಾಸ್ ನಡೆದು ಬಂದ ದಾರಿ

ಬೆರಣಿ ಸುಟ್ಟರೆ ಅಡಿಗೆಯಾಗುತ್ತದೆ, ಗೊಬ್ಬರ ಹೋಗುತ್ತದೆ. ಸಗಣಿ ತಿಪ್ಪೆಗೆ ಹಾಕಿದರೆ ಗೊಬ್ಬರ ಉಂಟು, ಒಲೆಗೆ ಸೌದೆ ಇಲ್ಲ. ರೈತರಾದ ನಮ್ಮೆಲ್ಲರ ಈ ಇಕ್ಕಟ್ಟಿಗೆ ಬಂದ ಪರಿಹಾರವೇ ಗೋಬರ್ ಗ್ಯಾಸ್.

1939ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್.ವಿ. ದೇಸಾಯಿಯವರು ಇದರ ಪ್ರಯೋಗ ಮಾಡಿದರು. 1950ರ ದಶಕದಲ್ಲಿ ಜಶಭಾಯಿ ಪಟೇಲರು ಬಾವಿಯಂಥ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ ತೇಲಿಬಿಟ್ಟರು. ಖಾದಿ ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲಿ ಅದನ್ನು ಹಳ್ಳಿಗಳಿಗೆ ತಂದಿತು. ಗುಂಡಿಯೊಳಗೆ ಗಾಳಿಯಾಡದ ಕಡೆ ಸೂಕ್ಷ್ಮಜೀವಿಗಳು ಸಗಣಿ ಕೊಳೆಸುತ್ತವೆ. ಹೊರಡುವ ಮೀಥೇನ್ ಹೊಗೆಯಿಲ್ಲದೆ ಉರಿಯುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಆದರೆ ಡ್ರಮ್ಮಿಗೆ ತುಕ್ಕು, ಬೆಲೆಯೂ ಜಾಸ್ತಿ. 1984ರಲ್ಲಿ ಬಂದ ಇಟ್ಟಿಗೆ ಗುಮ್ಮಟದ ‘ದೀನಬಂಧು’ ಖರ್ಚು ಇಳಿಸಿತು.

ಖರ್ಚು ಇಳಿದರೂ ಸಗಣಿ ಬೇಕಲ್ಲ? ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ. ಒಂದೇ ಹಸು ಇದ್ದವರು ಏನು ಮಾಡೋದು?

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿಗೆಲ್ಲ ಸೇರಿದ ಘಟಕ ಕಟ್ಟಿದರು. ಎಲ್ಲರ ಅಡಿಗೆಗೆ ಗ್ಯಾಸ್ ಸಾಲಲಿಲ್ಲ. ಹಾಗಂತ ಕೈಬಿಡಲಿಲ್ಲ, ಅದೇ ಗ್ಯಾಸನ್ನು ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು 1987ರಿಂದ ಊರಿಗೆ ನೀರು, ಆಮೇಲೆ ದೀಪ ಒದಗಿಸಿದರು. ಬಗ್ಗಡ ಸಗಣಿ ಕೊಟ್ಟವರಿಗೇ ವಾಪಸ್. ಮುಂದೆ ಪುಣೆಯ ಡಾ. ಆನಂದ ಕರ್ವೆಯವರು ಅಡಿಗೆಮನೆಯ ಅನ್ನ, ಹಿಟ್ಟು, ಹಣ್ಣಿನ ಸಿಪ್ಪೆಯಿಂದಲೇ ನಡೆಯುವ ಚಿಕ್ಕ ಘಟಕ ಮಾಡಿ ತೋರಿಸಿದರು. ಅದಕ್ಕೆ 2006ರಲ್ಲಿ ಆಶ್‌ಡೆನ್ ಪ್ರಶಸ್ತಿಯೂ ಬಂತು.

ಸಂಘದ ಸದಸ್ಯರೇ, ನಮ್ಮಲ್ಲಿ ದನ ಇಲ್ಲದ ಮನೆಗಳೂ ಇವೆ. ಆ ಮನೆಯ ಹೆಣ್ಣುಮಕ್ಕಳ ಕಣ್ಣಿಗೂ ಹೊಗೆ ತಪ್ಪಬೇಕು. ಸಾಲ ಕೊಡುವಾಗ ಹಟ್ಟಿಯನ್ನಷ್ಟೇ ನೋಡದೆ ಒಲೆಯನ್ನೂ ನೋಡೋಣ.